ದೂರು ಹೇಳಲಾರದ ಮಗು

ತುರುವೇಕೆರೆ ಕಡೆಯ ಯಾವುದೋ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಬಿಸಿಯೂಟದ ಗಂಟೆ ಹೊಡೆದು ಹತ್ತು ನಿಮಿಷವಾಗಿದೆ. ಜಗಲಿಯ ಮೇಲೆ ಸಾಲಾಗಿ ಕುಳಿತ ಮಕ್ಕಳ ನಡುವೆ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಎದ್ದು ನಿಂತು ಕಿರುಚುತ್ತಾನೆ. ಮುಂದಿದ್ದ ತಟ್ಟೆಯನ್ನು ಎತ್ತಿ ಎಸೆಯುತ್ತಾನೆ. ಸಾರು ಚೆಲ್ಲುತ್ತದೆ, ಪಕ್ಕದವನ ಹಣೆಗೆ ತಟ್ಟೆಯ ಅಂಚು ತಾಗುತ್ತದೆ. ಮೇಷ್ಟ್ರು ಓಡಿ ಬರುತ್ತಾರೆ. ಅವರ ಕಣ್ಣಿಗೆ ಬೀಳುವುದು ಎರಡೇ: ಪೆಟ್ಟು ತಿಂದ ಹಣೆ ಮತ್ತು ತಟ್ಟೆ ಎಸೆದ ಕೈ. ಸಂಜೆಯ ಹೊತ್ತಿಗೆ ಮನೆಗೆ ಸುದ್ದಿ ಮುಟ್ಟುತ್ತದೆ. "ನಿಮ್ಮ ಹುಡುಗ ಬಹಳ ಒರಟು ಕಣಮ್ಮ. ಬೇರೆ ಮಕ್ಕಳ ಮನೆಯವರು ಜಗಳಕ್ಕೆ ಬರ್ತಾರೆ. ನಾಲ್ಕು ದಿನ ಮನೇಲೇ ಇಟ್ಕೊಳ್ಳಿ."

ತಟ್ಟೆ ಹಾರುವುದಕ್ಕೆ ಮುಂಚೆ ಏನಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಹದಿನೈದು ದಿನದಿಂದ ಇಬ್ಬರು ಮೂವರು ಹುಡುಗರು ಊಟದ ಸಾಲಿನಲ್ಲಿ ಅವನ ಹಿಂದೆ ಬಂದು, ಕಿವಿಗೆ ಬಾಯಿಟ್ಟು ‘ಕೂ’ ಎಂದು ಕೂಗಿ ಓಡುತ್ತಿದ್ದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗಾಡುವುದನ್ನು ನೋಡಿ ಇಡೀ ಸಾಲು ನಗುತ್ತಿತ್ತು. ಶಾಲೆಯ ಅರ್ಧ ಮಕ್ಕಳಿಗೆ ಇದು ಗೊತ್ತಿತ್ತು. ಮೇಷ್ಟ್ರಿಗೆ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಹುಡುಗನಂತೂ ಹೇಳಲಿಲ್ಲ. ಅವನಿಗೆ ಆಟಿಸಂ ಇತ್ತು.

ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ಹೊಸದಲ್ಲ. ಆದರೆ ಬೇರೆ ಮಗುವಾದರೆ ಅಳುತ್ತಾ ಮನೆಗೆ ಬಂದು "ಅವ್ನು ನನ್ನ ಹೊಡ್ದ" ಎನ್ನುತ್ತದೆ, ಅಣ್ಣನನ್ನು ಕರೆದುಕೊಂಡು ಹೋಗುತ್ತದೆ, ಮೇಷ್ಟ್ರ ಹತ್ತಿರ ಚಾಡಿ ಹೇಳುತ್ತದೆ. ಆಟಿಸಂ ಇರುವ ಮಗುವಿಗೆ ಈ ಮೂರು ದಾರಿಗಳೂ ಬಹಳಮಟ್ಟಿಗೆ ಮುಚ್ಚಿರುತ್ತವೆ. ಹೀಗಾಗಿ ಅವನ ಪರವಾಗಿ ನೋಡುವವರು, ಕೇಳುವವರು, ಹೇಳುವವರು ಬೇರೆ ಯಾರಾದರೂ ಆಗಬೇಕಾಗುತ್ತದೆ.

ಏನಿದು ಆಟಿಸಂ?

ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಹೆಸರು ಬಳಕೆಯಲ್ಲಿದೆ. ತನ್ನೊಳಗೆ ತಾನೇ ಲೀನವಾಗಿರುವುದು ಎಂದು ಅರ್ಥ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಈ ಮಕ್ಕಳಿಗೆ ಇತರರ ಸಹವಾಸ ಬೇಡವೆಂದೇನೂ ಇಲ್ಲ. ಅನೇಕರಿಗೆ ಸ್ನೇಹದ ಹಂಬಲ ಬಹಳ. ಅದನ್ನು ಪಡೆಯುವ ಬಗೆ ತಿಳಿಯದು. ಎದುರಿನವರ ಮುಖಭಾವ, ಕಣ್ಣಿನ ಸನ್ನೆ, ಮಾತಿನ ಹಿಂದಿನ ವ್ಯಂಗ್ಯ ಇವೆಲ್ಲ ಉಳಿದ ಮಕ್ಕಳಿಗೆ ಕಲಿಸದೆಯೇ ಬರುತ್ತವೆ. ಇವರಿಗೆ ಒಂದೊಂದನ್ನೂ ಲೆಕ್ಕ ಕಲಿತಂತೆ ಕಲಿಯಬೇಕು. ಶಬ್ದ, ಬೆಳಕು, ವಾಸನೆ, ಸ್ಪರ್ಶ ಕೆಲವರಿಗೆ ತಡೆಯಲಾರದಷ್ಟು ತೀವ್ರವಾಗಿರುತ್ತವೆ. ದಿನಚರಿ ಬದಲಾದರೆ ದಿಗಿಲು. ಒಬ್ಬರಿಗೆ ಮಾತೇ ಬಾರದಿರಬಹುದು, ಇನ್ನೊಬ್ಬರು ಇಂಗ್ಲಿಷ್ ಮೀಡಿಯಂನಲ್ಲಿ ಮೊದಲ ರ‍್ಯಾಂಕ್ ಬರಬಹುದು.

ಅಮೆರಿಕದ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಇದನ್ನು ಬೇರೆಯೇ ಆದ ಸ್ಥಿತಿ ಎಂದು ಗುರುತಿಸಿದರು. ಆಮೇಲೆ ಎರಡು ದಶಕಗಳ ಕಾಲ ತಪ್ಪೆಲ್ಲ ತಾಯಂದಿರ ತಲೆಯ ಮೇಲೆ ಬಿತ್ತು. ತಾಯಿ ಪ್ರೀತಿ ತೋರಿಸದಿದ್ದುದರಿಂದಲೇ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಈ ವಾದವನ್ನು ಅಲುಗಾಡಿಸಿದರು. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಇದು, ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಇಂದು ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ತಿಪಟೂರಿನ ಒಂದು ದೊಡ್ಡ ಹೈಸ್ಕೂಲಿನಲ್ಲಿ ಇಂಥವರು ನಾಲ್ಕೈದು ಮಂದಿ ಇದ್ದರೆ ಆಶ್ಚರ್ಯವಿಲ್ಲ. ಅವರ ಮೇಲೆ ಆಟಿಸಂ ಎಂಬ ಚೀಟಿ ಅಂಟಿರುವುದಿಲ್ಲ ಅಷ್ಟೇ. ‘ಮೊಂಡ’, ‘ಪೆದ್ದ’, ‘ಒಂಥರಾ’, ‘ಲೂಸು’ ಎಂಬ ಚೀಟಿಗಳಿರುತ್ತವೆ.

ಅಟ್ಟದಲ್ಲಿ ತೆಂಗಿನಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಈ ಸೀಮೆಯ ಜನರಿಗೆ ಒಂದು ವಿದ್ಯೆ ಗೊತ್ತು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯೂ ಒಂದೇ. ಮಕ್ಕಳ ವಿಷಯದಲ್ಲಿ ಇಷ್ಟು ತಾಳ್ಮೆಯಿಂದ ಕಿವಿಗೊಡುವುದು ಅಪರೂಪ.

ಎಸೆದ ಪುಸ್ತಕ ಮಾತ್ರ ಕಂಡಿತು

ಟೆಂಪಲ್ ಗ್ರಾಂಡಿನ್ ಹೆಸರನ್ನು ಕೆಲವರಾದರೂ ಕೇಳಿರಬಹುದು. 1947ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಈಕೆ ಮಾತು ಕಲಿತದ್ದು ತಡವಾಗಿ. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳು ಗಾಬರಿಯಾಗದಂತೆ ಅವನ್ನು ಸಾಗಿಸುವ ಓಣಿ, ದೊಡ್ಡಿಗಳ ವಿನ್ಯಾಸ ಮಾಡಿ ಲೋಕಪ್ರಸಿದ್ಧರಾದರು. ತಮ್ಮ ಆಟಿಸಂ ಬಗ್ಗೆ ತಾವೇ ಬರೆದವರಲ್ಲಿ ಮೊದಲಿಗರು. 2010ರಲ್ಲಿ ಅವರ ಜೀವನ ಸಿನಿಮಾ ಕೂಡ ಆಯಿತು.

ಹೈಸ್ಕೂಲಿನ ದಿನಗಳು ತಮ್ಮ ಬದುಕಿನ ಅತ್ಯಂತ ಕೆಟ್ಟ ಕಾಲ ಎಂದು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದುದರಿಂದ ಸಹಪಾಠಿಗಳು ಅವರಿಗೆ ‘ಟೇಪ್ ರೆಕಾರ್ಡರ್’ ಎಂದು ಹೆಸರಿಟ್ಟಿದ್ದರು. ಒಂದು ದಿನ ಹುಡುಗಿಯೊಬ್ಬಳು ಹೀನಾಯವಾಗಿ ಹಂಗಿಸಿದಾಗ ಟೆಂಪಲ್ ಕೈಯಲ್ಲಿದ್ದ ಪುಸ್ತಕವನ್ನು ಅವಳ ಮೇಲೆಸೆದರು. ಶಾಲೆಯಿಂದ ಹೊರಹಾಕಿದ್ದು ಟೆಂಪಲ್‌ರನ್ನು. ಎಸೆದ ಪುಸ್ತಕ ಕಂಡಿತು, ತಿಂಗಳುಗಟ್ಟಲೆ ಆಡಿದ ಮಾತುಗಳು ಯಾರಿಗೂ ಕಾಣಲಿಲ್ಲ. ಮೇಲೆ ಹೇಳಿದ ಬಿಸಿಯೂಟದ ತಟ್ಟೆಗೂ ಈ ಪುಸ್ತಕಕ್ಕೂ ಏನು ಅಂತರ?

ಅವರ ಕತೆಯಲ್ಲಿ ಇನ್ನೂ ಒಂದು ಅಂಶವಿದೆ. ಮುಂದೆ ಸೇರಿದ ವಸತಿ ಶಾಲೆಯಲ್ಲೂ ಗೇಲಿ ಪೂರ್ತಿ ತಪ್ಪಲಿಲ್ಲ. ಆದರೆ ಕುದುರೆ ಸವಾರಿ, ಎಲೆಕ್ಟ್ರಾನಿಕ್ಸ್, ಆಟದ ರಾಕೆಟ್ ತಯಾರಿಕೆ ಇವುಗಳಲ್ಲಿ ಆಸಕ್ತಿಯಿದ್ದ ಹುಡುಗ ಹುಡುಗಿಯರ ಜೊತೆ ಇರುವಾಗ ಯಾರೂ ಅವರನ್ನು ಗೇಲಿ ಮಾಡುತ್ತಿರಲಿಲ್ಲವಂತೆ. ವಿಜ್ಞಾನದ ಮೇಷ್ಟ್ರೊಬ್ಬರು ಆಕೆಯ ಆಸಕ್ತಿಯನ್ನೇ ಹಿಡಿದು ಓದಿನ ಕಡೆಗೆ ತಿರುಗಿಸಿದರು. ನಮ್ಮ ಶಾಲೆಗಳು ಇದನ್ನು ಗಮನಿಸಬೇಕು. ರೈಲಿನ ವೇಳಾಪಟ್ಟಿ ಬಾಯಿಪಾಠ ಇರುವ ಹುಡುಗ, ಎಪಿಎಂಸಿ ಹರಾಜಿನ ಕೊಬ್ಬರಿ ದರವನ್ನು ತಿಂಗಳ ಹಿಂದಿನದೂ ನೆನಪಿಟ್ಟು ಹೇಳುವ ಹುಡುಗಿ ಇಂಥವರು ಸಿಕ್ಕರೆ ತರಗತಿ ನಗುತ್ತದೆ. ಅದೇ ಹುಡುಗಿಗೆ ಗೋಡೆಯ ಮೇಲೆ ವಾರದ ದರಪಟ್ಟಿ ಬರೆಯುವ ಕೆಲಸ ಕೊಟ್ಟು ನೋಡಬಾರದೇಕೆ? ಮನೆಮನೆಯಲ್ಲೂ ತೆಂಗಿರುವ ಊರಿನಲ್ಲಿ ಆ ಪಟ್ಟಿಯ ಮುಂದೆ ಮಕ್ಕಳಷ್ಟೇ ಅಲ್ಲ, ಮೇಷ್ಟ್ರೂ ನಿಂತಾರು.

ಹುಡುಗಾಟ ಎಲ್ಲಿಗೆ ಮುಗಿಯುತ್ತದೆ?

"ಹುಡುಗರಂದ್ಮೇಲೆ ರೇಗಿಸ್ತಾರೆ, ಅದನ್ನೆಲ್ಲ ದೊಡ್ಡದು ಮಾಡಬಾರದು" ಎನ್ನುವವರೇ ಹೆಚ್ಚು. ಆದ್ದರಿಂದ ಆಟಕ್ಕೂ ಹಿಂಸೆಗೂ ಗೆರೆ ಎಲ್ಲಿದೆ ಎಂದು ತಿಳಿದಿರುವುದು ಒಳ್ಳೆಯದು. ನಾರ್ವೆ ದೇಶದಲ್ಲಿ 1982ರ ಕೊನೆಯಲ್ಲಿ ಶಾಲೆಯ ಪೀಡನೆಗೆ ನೊಂದ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಮರುವರ್ಷವೇ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಆಂದೋಲನ ಹೂಡಿತು. ಅದರ ಹಿಂದಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ವಿವರಣೆಯೇ ಇಂದಿಗೂ ಆಧಾರ. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾರದವರನ್ನು ನೋಯಿಸುವುದು. ಮೂರೂ ಸೇರಿದರೆ ಅದನ್ನು ಹುಡುಗಾಟ ಎನ್ನಲಾಗದು.

ಅಮೆರಿಕದ ಕೆನಡಿ ಕ್ರೀಗರ್ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆಟಿಸಂ ಇರುವ 6ರಿಂದ 15 ವರ್ಷದ ಮಕ್ಕಳಲ್ಲಿ ಶೇಕಡ 63ರಷ್ಟು ಮಂದಿ ಒಂದಲ್ಲ ಒಂದು ಸಲ ಇಂಥ ಹಿಂಸೆಗೆ ಗುರಿಯಾಗಿದ್ದರೆಂದು ತಿಳಿದುಬಂತು. ಮಾತು ಚೆನ್ನಾಗಿ ಬರುವ, ಸಾಮಾನ್ಯ ಶಾಲೆಯಲ್ಲೇ ಓದುವ ಮಕ್ಕಳಿಗೆ ಕಾಟ ಹೆಚ್ಚು. ತೊಂದರೆ ಎದ್ದು ಕಾಣುವ ಮಗುವಿನ ಮೇಲೆ ಜನ ಕನಿಕರವಾದರೂ ತೋರಿಸುತ್ತಾರೆ. ‘ಎಲ್ಲ ಸರಿಯಿದ್ದೂ’ ವಿಚಿತ್ರವಾಗಿ ಆಡುವ ಮಗುವಿಗೆ ಅದೂ ಇಲ್ಲ.

ಹೊಡೆತ ಬಡಿತ ಮಾತ್ರ ಹಿಂಸೆಯೆಂದು ತಿಳಿಯಬೇಕಾಗಿಲ್ಲ. ಈ ಮಕ್ಕಳ ಮೇಲೆ ನಡೆಯುವುದು ಹೆಚ್ಚಾಗಿ ಬೇರೆ ಬಗೆಯದು. "ನೀನು ನಮ್ಮ ಫ್ರೆಂಡು ಕಣೋ, ಹೋಗಿ ಹೆಡ್‌ಮೇಷ್ಟ್ರ ಬೈಕಿನ ಗಾಳಿ ಬಿಟ್ಟು ಬಾ" ಎಂದರೆ ಆಟಿಸಂ ಇರುವ ಹುಡುಗ ನಿಜವೆಂದೇ ನಂಬಿ ಹೋಗುತ್ತಾನೆ. ಸಿಕ್ಕಿಬೀಳುವವನು ಅವನು, ಗೋಡೆಯ ಹಿಂದೆ ನಗುವವರು ಇವರು. ಬಸ್ ಚಾರ್ಜಿನ ಚಿಲ್ಲರೆ ದಿನಾ ಕೈ ಬದಲಾಯಿಸುತ್ತದೆ. ಹುಡುಗಿಯರಲ್ಲಿ ಇದು ಇನ್ನೂ ಸೂಕ್ಷ್ಮ. ಕುಂಟೇಬಿಲ್ಲೆಗೆ ಸೇರಿಸಿಕೊಳ್ಳುವುದಿಲ್ಲ, ಅವಳು ಬಂದು ಕುಳಿತ ಕೂಡಲೇ ಎಲ್ಲರೂ ಎದ್ದು ಬೇರೆ ಕಡೆ ಹೋಗುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ ಇರುವುದು ಗೊತ್ತಾಗುವುದೇ ತಡ. ಇತರರನ್ನು ನೋಡಿ ನೋಡಿ ಅವರಂತೆಯೇ ನಟಿಸಿಕೊಂಡು ದಿನ ತಳ್ಳುವುದನ್ನು ಅವರು ಬೇಗ ಕಲಿತುಬಿಡುತ್ತಾರೆ. ಮನೆಗೆ ಬಂದ ಮೇಲೆ ಆ ಆಯಾಸವೆಲ್ಲ ಸಿಟ್ಟಾಗಿ ಹೊರಬರುತ್ತದೆ. "ಸ್ಕೂಲಲ್ಲಿ ಬಂಗಾರದಂಥ ಹುಡುಗಿ, ಮನೇಲಿ ಯಾಕೆ ಹಿಂಗಾಡ್ತಾಳೋ" ಎಂದು ಅಮ್ಮಂದಿರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

ಹಿಂಸೆ ನಡೆಯುವ ಜಾಗಗಳೂ ಬಹುತೇಕ ನಿಗದಿಯಾಗಿರುತ್ತವೆ. ಪಾಠದ ಹೊತ್ತಿನಲ್ಲಿ ಅಪರೂಪ. ಊಟದ ಸಾಲು, ಶೌಚಾಲಯ, ಆಟದ ಬಯಲಿನ ಮೂಲೆ, ಬಸ್‌ಸ್ಟ್ಯಾಂಡು, ತೋಟದ ನಡುವಿನ ಕಾಲುದಾರಿ. ದೊಡ್ಡವರ ಕಣ್ಣು ತಪ್ಪಿದ ಜಾಗಗಳು ಇವು.

ಹೇಳದ ಮಗು ಹೇಗೆ ಹೇಳುತ್ತದೆ?

ಆಟಿಸಂ ಇರುವ ಅನೇಕ ಮಕ್ಕಳಿಗೆ ಕೇಳಿದ ಮಾತನ್ನು ಹಾಗೆಯೇ ತಿರುಗಿ ನುಡಿಯುವ ಅಭ್ಯಾಸವಿರುತ್ತದೆ. ಟಿ.ವಿ. ಜಾಹೀರಾತು, ಬಸ್‌ಸ್ಟ್ಯಾಂಡಿನ ಮೈಕಿನ ಮಾತು, ಅಜ್ಜಿಯ ಬೈಗುಳ ಯಾವುದಾದರೂ ಸರಿ, ಕೇಳಿದ ಧಾಟಿಯಲ್ಲೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಳಾದ ಮೇಲೆ, ಬಾಯಿಂದ ಬರುತ್ತದೆ. ಮನೆಯವರಿಗೆ ಇದು ಬೇಸರ ತರಿಸುವ ಚಾಳಿ. "ಸುಮ್ನಿರೋ ಸಾಕು" ಎನ್ನುತ್ತಾರೆ. ಆದರೆ ಎಂಟು ವರ್ಷದ ಮಗ ರಾತ್ರಿ ಹಾಸಿಗೆಯಲ್ಲಿ ಮಲಗಿ ಬೇರೆ ಯಾರದೋ ದನಿಯಲ್ಲಿ "ಲೇ ಲೂಸು, ಬಾರೋ ಇಲ್ಲಿ, ಬಾಯಿ ತೆಗಿ" ಎಂದು ಹತ್ತು ಸಲ ಹೇಳಿದರೆ? ಅದು ಚಾಳಿಯಲ್ಲ, ಸಾಕ್ಷಿ. ಅವನಿಗೆ ದೂರು ಕೊಡಲು ಬರುವುದಿಲ್ಲ, ನಡೆದದ್ದನ್ನು ಅಕ್ಷರ ಬಿಡದೆ ಒಪ್ಪಿಸಲು ಬರುತ್ತದೆ. ಆ ಮಾತನ್ನು ಗದರಿಸಿ ನಿಲ್ಲಿಸುವ ಬದಲು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಬೇಕು. ಎಲ್ಲ ಮಾತೂ ಶಾಲೆಯದೇ ಆಗಿರಬೇಕೆಂದಿಲ್ಲ, ಸಿನಿಮಾದ್ದೂ ಇರಬಹುದು. ಬರೆದಿಟ್ಟರೆ ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ.

ಮಾತೇ ಇಲ್ಲದ ಮಕ್ಕಳಲ್ಲಿ ಮೈಯೇ ಹೇಳುತ್ತದೆ. ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. ಶಾಲೆಯಿಂದ ಬಂದ ಕೂಡಲೇ ಬಚ್ಚಲಿಗೆ ಓಟ, ಏಕೆಂದರೆ ಇಡೀ ದಿನ ಅಲ್ಲಿನ ಶೌಚಾಲಯಕ್ಕೆ ಹೋಗಿರುವುದಿಲ್ಲ. ಡಬ್ಬಿಯಲ್ಲಿ ಹಾಗೆಯೇ ಉಳಿದ ಚಿತ್ರಾನ್ನ. ಹರಿದ ಪುಸ್ತಕ, ಕಳೆದ ಪೆನ್ನು, ಕಿತ್ತ ಗುಂಡಿ. ಕಲಿತಿದ್ದ ಕೆಲಸ ಮರೆತುಹೋಗುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು, ಕೈ ಕಚ್ಚಿಕೊಳ್ಳುವುದು, ಮನೆಯಲ್ಲಿ ತಂಗಿಯನ್ನು ಹೊಡೆಯುವುದು. ಇವುಗಳಿಗೆ ಬೇರೆ ಕಾರಣವೂ ಇರಬಹುದು. ಹುಳುಕು ಹಲ್ಲು, ಕಿವಿನೋವು ಕೂಡ ಹೀಗೆಯೇ ಹೊರಬರುತ್ತದೆ. ಮೊದಲು ಡಾಕ್ಟರಿಗೆ ತೋರಿಸುವುದು ಸರಿ. ಆದರೆ ರಜೆಯಲ್ಲಿ ಎಲ್ಲ ಸರಿಹೋಗಿ, ಶಾಲೆ ತೆರೆದ ವಾರವೇ ಮರುಕಳಿಸಿದರೆ ಕಾರಣ ಎಲ್ಲಿದೆಯೆಂದು ಹುಡುಕಲು ದೂರ ಹೋಗಬೇಕಿಲ್ಲ.

ಕೇಳುವ ಬಗೆಯಲ್ಲೂ ಎಚ್ಚರ ಬೇಕು. "ಇವತ್ತು ಸ್ಕೂಲು ಹೆಂಗಿತ್ತು ಮಗಾ?" ಎಂಬ ಪ್ರಶ್ನೆಗೆ ಈ ಮಕ್ಕಳಿಂದ ಉತ್ತರ ಸಿಗದು. ಪ್ರಶ್ನೆ ಬಹಳ ದೊಡ್ಡದು. "ಯಾರಾದ್ರೂ ಹೊಡೆದ್ರಾ, ಇಲ್ವಾ?" ಎಂದರೆ ಕೊನೆಯ ಪದವನ್ನೇ ಹಿಡಿದು "ಇಲ್ವಾ" ಎಂದು ಬಿಡುತ್ತಾರೆ. ಅಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಾಳೆ. "ರವಿ ಹೊಡೆದ್ನಾ?" ಎಂದು ಹೆಸರಿಟ್ಟು ಕೇಳಿದರೆ ಇನ್ನೂ ಕೆಟ್ಟದ್ದು, ಹೌದೆನ್ನುವುದೇ ಸುಲಭವೆಂದು ಹೌದೆನ್ನುವ ಮಕ್ಕಳಿದ್ದಾರೆ. ಮರುದಿನ ಏನೂ ಅರಿಯದ ರವಿಗೆ ಏಟು ಬೀಳುತ್ತದೆ. ಸಣ್ಣ, ಗಟ್ಟಿಯಾದ ಪ್ರಶ್ನೆಗಳು ಒಳ್ಳೆಯವು. "ಊಟಕ್ಕೆ ಎಲ್ಲಿ ಕೂತೆ? ಪಕ್ಕದಲ್ಲಿ ಯಾರಿದ್ರು? ಆಮೇಲೆ ಎಲ್ಲಿಗೆ ಹೋದೆ?" ಶಾಲೆಯ ನಕ್ಷೆಯೊಂದನ್ನು ಬರೆದು, ಇಷ್ಟವಾದ ಜಾಗಕ್ಕೆ ಹಸಿರು, ಬೇಡದ ಜಾಗಕ್ಕೆ ಕೆಂಪು ಬಣ್ಣ ಹಾಕಲು ಹೇಳಿದರೆ ಮಾತಿಲ್ಲದ ಮಗುವೂ ಹೇಳುತ್ತದೆ. ಎದುರು ಕೂರಿಸಿ, ಮುಖ ನೋಡು ಎಂದು ಒತ್ತಾಯಿಸಬಾರದು. ಅವರೆಕಾಯಿ ಸುಲಿಯುತ್ತಲೋ, ದನಕ್ಕೆ ಹುಲ್ಲು ಹಾಕುತ್ತಲೋ ಪಕ್ಕದಲ್ಲಿ ನಿಂತು ಕೇಳಿದಾಗ ಬರುವ ಮಾತು ಬೇರೆ.

ಗೊತ್ತಾದ ಮೇಲೆ

ಗೊತ್ತಾದ ಕೂಡಲೇ ಅಪ್ಪಂದಿರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ. "ನೀನೂ ತಿರುಗಿಸಿ ಎರಡು ಬಿಡು." ಈ ಮಕ್ಕಳಿಗೆ ಇದು ಅಪಾಯದ ಸಲಹೆ. ಎಷ್ಟು ಜೋರಾಗಿ, ಯಾವಾಗ, ಯಾರಿಗೆ ಎಂಬ ಅಳತೆ ಅವರಿಗೆ ಸಿಗುವುದಿಲ್ಲ. ಮತ್ತೆ ಅಪರಾಧಿಯಾಗಿ ನಿಲ್ಲುವವರು ಅವರೇ. "ಕಿವಿಗೆ ಹಾಕ್ಕೋಬೇಡ" ಎಂಬುದೂ ಉಪಯೋಗವಿಲ್ಲ. ಕಿವಿಗೆ ಬಿದ್ದದ್ದನ್ನು ಹೊರಗಿಡಲಾರದಿರುವುದೇ ಅವರ ಕಷ್ಟ. ಮಗುವನ್ನು ಬೇರೆ ಸೆಕ್ಷನ್ನಿಗೆ ಹಾಕುವುದು, ಶಾಲೆ ಬಿಡಿಸುವುದು ನೊಂದವರಿಗೇ ಕೊಡುವ ಶಿಕ್ಷೆ.

ಕಲಿಸಬೇಕಾದದ್ದು ಬಹಳ ಸರಳ. ಎರಡು ಪದ ಮತ್ತು ಒಂದು ಜಾಗ. "ಬೇಡ, ನಿಲ್ಲಿಸು" ಎಂದು ಗಟ್ಟಿಯಾಗಿ ಹೇಳುವುದು, ಆಮೇಲೆ ಓಡದೆ ನಡೆದು ಗೊತ್ತುಮಾಡಿದ ಒಬ್ಬ ದೊಡ್ಡವರ ಹತ್ತಿರ ಹೋಗುವುದು. ಮಾತು ಬಾರದಿದ್ದರೆ ತೋರಿಸಲು ಒಂದು ಬಣ್ಣದ ಕಾರ್ಡು. ಆ ದೊಡ್ಡವರು ಮೇಷ್ಟ್ರೇ ಆಗಬೇಕಿಲ್ಲ. ಹಳ್ಳಿ ಶಾಲೆಗಳಲ್ಲಿ ಇಡೀ ಮಧ್ಯಾಹ್ನ ಒಂದೇ ಜಾಗದಲ್ಲಿ ಸಿಗುವವರು ಬಿಸಿಯೂಟದ ಅಡುಗೆಯವರು. "ಅಡುಗೆ ಮನೆ ಬಾಗಿಲಲ್ಲಿ ಬಂದು ನಿಂತ್ಕೊ, ನಾನಿರ್ತೀನಿ" ಎಂದು ಆ ಅಮ್ಮ ಒಂದು ಮಾತು ಕೊಟ್ಟರೆ ಅರ್ಧ ಕಷ್ಟ ಕಳೆಯಿತು. ಇದನ್ನು ದಿನವೂ ಮನೆಯಲ್ಲಿ ನಾಟಕದಂತೆ ಆಡಿ ಅಭ್ಯಾಸ ಮಾಡಿಸಬೇಕು. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಸಾಮಾಜಿಕ ಕತೆ’ ಎಂಬ ವಿಧಾನವೂ ಇದಕ್ಕೆ ಹೊಂದುತ್ತದೆ. ಮಗುವಿನ ದಿನದ ಒಂದು ಸಂದರ್ಭವನ್ನು ನಾಲ್ಕಾರು ವಾಕ್ಯ, ಚಿತ್ರಗಳಲ್ಲಿ ಅದೇ ಮಗುವಿನ ಬಾಯಿಂದ ಹೇಳಿದಂತೆ ಬರೆದು ಓದಿ ಹೇಳುವುದು. ಖರ್ಚೇನೂ ಇಲ್ಲ, ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು.

ಶಾಲೆಗೆ ಹೋಗುವಾಗ ಜಗಳದ ದನಿಗಿಂತ ಬರೆದಿಟ್ಟ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ. ಯಾವ ದಿನ, ಯಾವ ಜಾಗ, ಮಗು ಏನು ಹೇಳಿತು, ಮೈಮೇಲೆ ಏನಿತ್ತು. ಮೊದಲು ತರಗತಿಯ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು, ಅಲ್ಲೂ ಆಗದಿದ್ದರೆ ಎಸ್‌ಡಿಎಂಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಮಾತಿನಲ್ಲಿ ಹೇಳಿದ್ದನ್ನು ಅರ್ಜಿಯಲ್ಲೂ ಕೊಟ್ಟು ನಕಲು ಇಟ್ಟುಕೊಳ್ಳಬೇಕು. ಶಾಲೆಯಿಂದ ಕೇಳಬೇಕಾದದ್ದು ಶಿಕ್ಷೆಯನ್ನಲ್ಲ, ಏರ್ಪಾಡನ್ನು. ಗದ್ದಲದ ಸಾಲಿನಲ್ಲಿ ನಿಲ್ಲುವ ಬದಲು ಐದು ನಿಮಿಷ ಮುಂಚೆ ಊಟ, ಶೌಚಾಲಯಕ್ಕೆ ಬೇರೆ ಹೊತ್ತು, ಪ್ರಾರ್ಥನೆಯಲ್ಲಿ ಸಾಲಿನ ಕೊನೆಯ ಜಾಗ, ತಲೆ ಬಿಸಿಯಾದಾಗ ಹೋಗಿ ಕೂರಲು ಒಂದು ಮೂಲೆ. ಕಾಡಿಸಿದ ಹುಡುಗರನ್ನು ಕರೆಸಿ ಎಲ್ಲರೆದುರು ಕೈ ಕುಲುಕಿಸುವುದು ಮೇಷ್ಟ್ರುಗಳಿಗೆ ಬಹಳ ಪ್ರಿಯವಾದ ಶಾಸ್ತ್ರ. ಅದರಿಂದ ಆದ ಉಪಕಾರ ಕಡಿಮೆ. ಅವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕು, ಅವರ ಮನೆಯಲ್ಲೂ ಏನಾದರೂ ಇರಬಹುದು.

ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಎಷ್ಟೋ ತರಗತಿಗಳಲ್ಲಿ ಮೊದಲ ಅಡ್ಡಹೆಸರು ಬರುವುದು ಶಿಕ್ಷಕರ ಬಾಯಿಂದಲೇ. ಅವರು ಒಮ್ಮೆ ನಕ್ಕು ಅಂದ ಮಾತನ್ನು ಮಕ್ಕಳು ವರ್ಷವಿಡೀ ಅನ್ನುತ್ತಾರೆ.

ನೋಡಿ ನಕ್ಕವರು

ವಿದ್ಯಾರ್ಥಿಗಳಿಗೆ ಈ ಭಾಗ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಾಡಿಸುವವನನ್ನು ಬಿಟ್ಟು ಸುತ್ತ ನಿಂತವರನ್ನು ನೋಡಿತು. ಒಬ್ಬ ಕಾಡಿಸುತ್ತಾನೆ, ಒಬ್ಬಿಬ್ಬರು ಕೈಜೋಡಿಸುತ್ತಾರೆ, ಕೆಲವರು ನಗುತ್ತಾರೆ, ಬಹಳ ಮಂದಿ ನೋಡದಂತೆ ಇರುತ್ತಾರೆ, ಕೆಲವರು ಮಾತ್ರ ಬಿಡಿಸಲು ಹೋಗುತ್ತಾರೆ. ಕಾಡಿಸುವವನಿಗೆ ಬೇಕಾದದ್ದು ಈ ನಗು. ನಗುವವರಿಲ್ಲದಿದ್ದರೆ ಆಟ ಸಪ್ಪೆ. ಇದರ ಮೇಲೆಯೇ ‘ಕಿವಾ’ ಎಂಬ ಕಾರ್ಯಕ್ರಮ ರೂಪಿಸಿ 2009ರಿಂದ ಫಿನ್ಲೆಂಡಿನ ಶಾಲೆಗಳಿಗೆ ಹರಡಿದರು.

ಕಾಡಿಸುವವನ ಎದುರು ನಿಂತು ಜಗಳವಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದು ಅಗತ್ಯವೂ ಅಲ್ಲ. ನಗದಿರುವುದು ಒಂದು. ಕಾಡಿಸಿಕೊಂಡ ಹುಡುಗನ ಹತ್ತಿರ ಹೋಗಿ "ಬಾರೋ, ನೀರು ಕುಡಿಯೋಕೆ ಹೋಗಣ" ಎಂದು ಕರೆದುಕೊಂಡು ಬರುವುದು ಇನ್ನೊಂದು. ಆಮೇಲೆ ಮಿಸ್‌ಗೆ ಹೇಳುವುದು. ಚಾಡಿ ಹೇಳುವುದು ಬೇರೆ, ಇದು ಬೇರೆ. ಚಾಡಿ ಒಬ್ಬರನ್ನು ಸಿಕ್ಕಿಸಲು ಹೇಳುವುದು. ತಾನೇ ಹೇಳಿಕೊಳ್ಳಲಾರದವನ ಪರವಾಗಿ ಹೇಳುವ ಮಾತನ್ನು ಆ ಹೆಸರಿನಿಂದ ಕರೆಯುವುದು ಅನ್ಯಾಯ. ಗೆಳೆತನ ಮಾಡಲು ಹೊರಟವರು ಎರಡು ವಿಷಯ ತಿಳಿದಿರಲಿ. ಅವನು ನಿಮ್ಮ ಕಣ್ಣು ನೋಡಿ ಮಾತಾಡದಿದ್ದರೆ ಅದು ಅಹಂಕಾರವಲ್ಲ. ಹೇಳದೆ ಹೆಗಲ ಮೇಲೆ ಕೈ ಹಾಕಿದರೆ ಬೆಚ್ಚಿ ತಳ್ಳಿದನೆಂದರೆ ಅದು ದ್ವೇಷವಲ್ಲ. ಮೂರ್ನಾಲ್ಕು ಜನ ಸರದಿಯ ಮೇಲೆ ಜೊತೆಗಿದ್ದರೆ ಒಬ್ಬರಿಗೇ ಭಾರವಾಗುವುದಿಲ್ಲ.

ತರಗತಿಯಲ್ಲಿ ಆಟಿಸಂ ಬಗ್ಗೆ ಹೇಳುವ ಮುನ್ನ ಮೇಷ್ಟ್ರು ಆ ಮಗುವಿನ ತಾಯ್ತಂದೆಯರನ್ನು, ಸಾಧ್ಯವಾದರೆ ಮಗುವನ್ನೂ ಕೇಳಬೇಕು. ಎಷ್ಟೋ ಮನೆಗಳಲ್ಲಿ ಸಂಗತಿ ನೆಂಟರಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರಂತೂ ಬಾಯಿ ಬಿಡುವುದೇ ಇಲ್ಲ. ಅವರ ಭಯವನ್ನು ಹಗುರವಾಗಿ ಕಾಣಬಾರದು. ಹರಕೆ ಹೊತ್ತು, ತಾಯಿತ ಕಟ್ಟಿಸಿ, ಮಾತು ತಡವಾಗಿ ಬರುತ್ತದೆ ಎಂಬ ಹಿರಿಯರ ಸಮಾಧಾನ ನಂಬಿ ಮೂರು ನಾಲ್ಕು ವರ್ಷ ಕಳೆದಿರುತ್ತಾರೆ.

ಕಾನೂನು ಏನು ಹೇಳುತ್ತದೆ?

ನಮ್ಮ ಕಾನೂನಿಗೂ ಈ ಮಕ್ಕಳು ಬಹಳ ಕಾಲ ಕಂಡಿರಲಿಲ್ಲ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲು ಸೇರಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂ ಅನ್ನು ಸೇರಿಸಿಕೊಂಡಿತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಅಂಗವೈಕಲ್ಯವಿರುವ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನಿಸಿದರೆ ಈ ಕಾಯ್ದೆಯ 92ನೇ ವಿಧಿಯಂತೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ. ದೊಡ್ಡವರು ಇದನ್ನು ನೆನಪಿಡಬೇಕು. ಹದಿನೆಂಟು ತುಂಬದವರಿಗೆ ಬಾಲನ್ಯಾಯ ಕಾಯ್ದೆಯ ದಾರಿ ಬೇರೆ. ಹತ್ತು ವರ್ಷದ ಹುಡುಗರ ಮೇಲೆ ಪೊಲೀಸ್ ಠಾಣೆಗೆ ಓಡುವುದು ಯಾರಿಗೂ ಹಿತವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. "ಮನೇಲೇ ಇಟ್ಕೊಳ್ಳಿ" ಎಂಬ ಮಾತು ಬಂದಾಗ ಈ ಒಂದು ಸಾಲು ಗೊತ್ತಿದ್ದರೆ ಉಪಯೋಗವಾಗುತ್ತದೆ.

ಆಟಿಸಂ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿರುವವರು ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ವೈದ್ಯರನ್ನು ಕೇಳಬಹುದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಗವೈಕಲ್ಯದ ಗುರುತಿನ ಚೀಟಿಯ ಅರ್ಜಿಗೆ ನೆರವಾಗುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನಿಯುಕ್ತರಾದ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಶಾಲೆಯ ಮೇಷ್ಟ್ರಿಗೆ ದಾರಿ ತೋರಿಸಲು ಅವರನ್ನು ಕರೆಸಿ ಎಂದು ಮುಖ್ಯ ಶಿಕ್ಷಕರನ್ನು ಕೇಳುವುದು ಪೋಷಕರ ಹಕ್ಕು. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ತಿಪಟೂರಿನವರು ಅರಸೀಕೆರೆ, ಹಾಸನದ ಮೇಲೆ ರೈಲಿನಲ್ಲಿ ಹೋಗಬಹುದು. ಕಾಯಿ ಕೀಳಿಸುವ ಕೆಲಸ ಬಿಟ್ಟು ಎರಡು ದಿನ ಹೋಗಿ ಬರುವುದು ಸುಲಭವಲ್ಲ, ನಿಜ. ಮಗುವಿಗೆ ತೀರ ಅಪಾಯವೆನಿಸಿದರೆ 1098 ಮಕ್ಕಳ ಸಹಾಯವಾಣಿ, ಮನಸ್ಸಿನ ತೊಳಲಾಟಕ್ಕೆ 14416 ಟೆಲಿ-ಮಾನಸ್ ಹಗಲೂ ರಾತ್ರಿ ಸಿಗುತ್ತವೆ. ಹೊತ್ತು ಕಂಗೆಟ್ಟ ತಾಯಂದಿರೂ ಆ ಎರಡನೆಯ ನಂಬರಿಗೆ ಫೋನು ಮಾಡಬಹುದು.

ಏಳರಿಂದ ಎಂಟಕ್ಕೆ

ಈ ಸೀಮೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಕಾಲವೊಂದಿದೆ. ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಗು ಹೈಸ್ಕೂಲಿಗೆಂದು ತಿಪಟೂರಿಗೋ, ಚಿಕ್ಕನಾಯಕನಹಳ್ಳಿಗೋ, ಹುಳಿಯಾರಿಗೋ, ನೊಣವಿನಕೆರೆಗೋ ಬಸ್ಸು ಹತ್ತುವ ಜೂನ್ ತಿಂಗಳು. ಊರಿನಲ್ಲಿ ಅವನು ಇಂಥವರ ಮಗ, ಅವನ ರೀತಿ ಹೀಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲು, ತರಗತಿಗೆ ಒಬ್ಬೊಬ್ಬ ಮೇಷ್ಟ್ರು, ಹರೆಯದ ಹುಡುಗರ ಮಾತಿನ ವರಸೆಯೇ ಬೇರೆ.

ಬೇಸಿಗೆ ರಜೆಯಲ್ಲೇ ಎರಡು ಮೂರು ಸಲ ಖಾಲಿ ಶಾಲೆಗೆ ಕರೆದುಕೊಂಡು ಹೋಗಿ ತರಗತಿ, ನೀರಿನ ನಲ್ಲಿ, ಶೌಚಾಲಯ, ಹೆಡ್‌ಮೇಷ್ಟ್ರ ಕೋಣೆ ತೋರಿಸಿಟ್ಟರೆ ಮೊದಲ ದಿನದ ದಿಗಿಲು ಇಳಿಯುತ್ತದೆ. ಹಳೆಯ ಶಾಲೆಯ ಮೇಷ್ಟ್ರು ಹೊಸ ಶಾಲೆಗೆ ಒಂದು ಪುಟ ಬರೆದು ಕೊಡಬೇಕು: ಹುಡುಗನಿಗೆ ಏನು ಬರುತ್ತದೆ, ಯಾವುದಕ್ಕೆ ಬೆದರುತ್ತಾನೆ, ಬೆದರಿದಾಗ ಏನು ಮಾಡಿದರೆ ತಣ್ಣಗಾಗುತ್ತಾನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಬರೆಯುವವರ ನೆರವು, ಹೆಚ್ಚಿನ ಸಮಯ ಪಡೆಯಲು ದಾಖಲೆ ಬೇಕಾಗುವುದರಿಂದ ಗುರುತಿನ ಚೀಟಿಯ ಕೆಲಸವನ್ನೂ ಎಂಟನೆಯ ತರಗತಿಯಲ್ಲೇ ಮುಗಿಸುವುದು ಜಾಣತನ. ಅದೇ ಊರಿನಿಂದ ಹೋಗುವ ಒಬ್ಬ ಅಕ್ಕನನ್ನೋ ಅಣ್ಣನನ್ನೋ ಬಸ್ಸಿನಲ್ಲಿ ಜೊತೆ ಮಾಡಬೇಕು. ಬೆಳಿಗ್ಗೆಯ ಬಸ್ಸಿನ ಕಂಡಕ್ಟರಿಗೆ ಅಪ್ಪ ಒಂದು ಮಾತು ಹೇಳಿಟ್ಟು, ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕದ ಜಾಗ ಕೇಳಿ ನೋಡಲಿ. ದಿನಾ ಅದೇ ಬಸ್ಸಿನಲ್ಲಿ ಬರುವ ಮಗುವಿಗೆ ಇಲ್ಲವೆನ್ನುವ ಕಂಡಕ್ಟರು ಕಡಿಮೆ.